‘ಎನಿ ನಂಬರ್’ ನಂಬಿ ಕೈ ಸುಟ್ಟುಕೊಂಡೆ

ಮಂಡ್ಯದ ಹತ್ತಿರದ ಒಂದು ಆಲೆಮನೆಗೆ ಚಿಕ್ಕ ಆಪ್ ಮಾಡಿಕೊಟ್ಟಿದ್ದೆ. ಕಬ್ಬಿನ ಟ್ರ್ಯಾಕ್ಟರ್ ತೂಕವಾದ ಕೂಡಲೇ ರೈತರ ಮೊಬೈಲಿಗೆ ಮೆಸೇಜ್ ಹೋಗಬೇಕು. ಚೀಟಿ ನಂಬರು, ತಳಿ, ತೂಕ, ಬರಬೇಕಾದ ದುಡ್ಡು, ಅಷ್ಟೇ. ಕೋಡ್ ಜಾವಾಸ್ಕ್ರಿಪ್ಟಿನಲ್ಲಿ, ಅದು ಸರಿಯಾಗಿ ಓಡುತ್ತದಾ ಎಂದು ಟೆಸ್ಟ್ ಮಾಡಲು ಜೆಸ್ಟ್ ಎಂಬ ಟೂಲ್. ಮೈಸೂರಿನ ಮನೆಯಲ್ಲಿ ಕೂತು ಟೆಸ್ಟ್ ಓಡಿಸಿದಾಗಲೆಲ್ಲ ರೈತರಿಗೆ ಮೆಸೇಜ್ ಹೋದರೆ ಬೈಸಿಕೊಳ್ಳಬೇಕಾಗುತ್ತದೆ, ಅಲ್ವಾ? ಕಳಿಸುವ ಫಂಕ್ಷನ್ ಜಾಗದಲ್ಲಿ ಮಾಕ್ ಫಂಕ್ಷನ್ (ಏನೂ ಕಳಿಸದೆ, ಕೈಗೆ ಬಂದದ್ದನ್ನಷ್ಟೇ ನೆನಪಿಡುವ ನಕಲಿ) ಕೂರಿಸಿ, ಅದರ ಕೈಗೆ ಯಾವ ಆರ್ಗ್ಯುಮೆಂಟ್, ಅಂದರೆ ಯಾವ ಮಾಹಿತಿ, ಬಂತು ಎಂದು ನೋಡುತ್ತಿದ್ದೆ.

ಮೊದಲು, ಇಂಥದ್ದೇ ಬಂತಾ ಎಂದು ನೋಡುವ ‘ಟು ಹ್ಯಾವ್ ಬೀನ್ ಕಾಲ್ಡ್ ವಿತ್’ ಒಳಗೆ ಮೆಸೇಜಿನ ವಿವರಗಳಿರುವ ಇಡೀ ಆಬ್ಜೆಕ್ಟನ್ನು ಹಾಗ್ಹಾಗೇ ಬರೆದೆ. ಕಳಿಸಿದ ಸಮಯವೂ ಅದರಲ್ಲಿತ್ತು. ಒಂದು ಸಲ ಓಡಿಸಿದಾಗಿನ ಸಮಯ ಇನ್ನೊಂದು ಸಲ ಇರುವುದಿಲ್ಲ. ಟೆಸ್ಟ್ ಪ್ರತಿ ಸಲ ಕೆಂಪು, ಅಂದರೆ ಫೇಲ್.

ರೋಸಿಹೋಗಿ ಎಲ್ಲವನ್ನೂ ಸಡಿಲ ಮಾಡಿದೆ. ಹೊರಗೆ ‘ಆಬ್ಜೆಕ್ಟ್ ಕಂಟೈನಿಂಗ್’. ಇದು ನಾವು ಹೇಳಿದ ಕೀಗಳನ್ನಷ್ಟೇ, ಅಂದರೆ ಹೆಸರಿಸಿದ ವಿವರಗಳನ್ನಷ್ಟೇ, ನೋಡುತ್ತದೆ, ಉಳಿದದ್ದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ಒಳಗೆ ಚೀಟಿ ನಂಬರಿಗೆ ‘ಎಕ್ಸ್‌ಪೆಕ್ಟ್ ಎನಿ ಸ್ಟ್ರಿಂಗ್’, ತೂಕಕ್ಕೂ ದುಡ್ಡಿಗೂ ‘ಎಕ್ಸ್‌ಪೆಕ್ಟ್ ಎನಿ ನಂಬರ್’. ಅಂದರೆ ಯಾವುದೇ ಅಕ್ಷರಸಾಲು, ಯಾವುದೇ ಸಂಖ್ಯೆ ಬಂದರೂ ಸರಿ. ಎಲ್ಲಾ ಹಸಿರು, ಪಾಸ್. ಖುಷಿಯಾಯಿತು.

ಮೊದಲ ದಿನವೇ ಆಲೆಮನೆಯವರ ಫೋನ್. ‘ಏನ್ ಸ್ವಾಮಿ, ದುಡ್ಡಿನ ಜಾಗ್ದಲ್ಲಿ ಎನ್-ಎ-ಎನ್ ಅಂತ ಬಂದದೆ?’

ತೂಕದ ಯಂತ್ರ ‘4,250’ ಎಂದು ಕಾಮಾ ಸಮೇತ ಕೊಡುತ್ತಿತ್ತು. ಅದನ್ನು ನೇರವಾಗಿ, ಅಕ್ಷರಸಾಲನ್ನು ಸಂಖ್ಯೆ ಮಾಡುವ ‘ನಂಬರ್’ ಫಂಕ್ಷನ್ನಿಗೆ ಕೊಟ್ಟರೆ ಸಿಗುವುದು ‘ನಾಟ್ ಎ ನಂಬರ್’, ಅದೇ ಆ ಎನ್-ಎ-ಎನ್. ತಮಾಷೆ ಏನೆಂದರೆ ಜಾವಾಸ್ಕ್ರಿಪ್ಟಿನಲ್ಲಿ ಅದರ ಟೈಪೂ ‘ನಂಬರ್’ರೇ! ಹಾಗಾಗಿ ‘ಎನಿ ನಂಬರ್’ ಅದನ್ನೂ ಸುಮ್ನೆ ಒಳಗೆ ಬಿಡುತ್ತದೆ. ನನ್ನ ಟೆಸ್ಟಿನಲ್ಲೂ ಇದ್ದದ್ದು ಅದೇ ಕಾಮಾ ಇರುವ ತೂಕ. ತಪ್ಪು ಕಣ್ಣೆದುರೇ ಹಾದುಹೋಗಿತ್ತು, ನಾನೇ ಗೇಟ್ ತೆಗೆದಿಟ್ಟಿದ್ದೆ.

‘ನಾಟ್ ಎ ನಂಬರ್’ ಬಿಡದಂಥ ಸ್ವಂತ ಮ್ಯಾಚರ್ (ಬಂದದ್ದು ಸರಿಯಾ ಎಂದು ನೋಡುವ ತುಣುಕು) ಬರೆಯೋಣ ಎಂದುಕೊಂಡೆ. ‘ಎಕ್ಸ್‌ಪೆಕ್ಟ್ ಎಕ್ಸ್‌ಟೆಂಡ್’ ಬಳಸಿದರೆ ಅದು ಐದಾರು ಸಾಲಿನ ಕೆಲಸ. ಅರ್ಧ ಬರೆದ ಮೇಲೆ ಹೊಳೆಯಿತು, ಇಲ್ಲಿ ‘ಎನಿ’ಯಂಥ ಸಡಿಲ ಪ್ಯಾಟರ್ನ್ ಯಾಕೆ ಬೇಕು? ತೂಕ 4,250 ಕಿಲೋ, ದರ ಟನ್ನಿಗೆ 3,000 ಎಂದು ಟೆಸ್ಟಿನಲ್ಲಿ ಇಟ್ಟವನು ನಾನೇ. ಉತ್ತರ 12,750 ಆಗಲೇಬೇಕು. ಅದನ್ನೇ ಬರೆದೆ. ತಳಿಯ ಜಾಗದಲ್ಲೂ ‘ಕೋ 62175’ ಎಂದು ನೇರವಾಗಿ. ಟೆಸ್ಟ್ ತಕ್ಷಣ ಕೆಂಪಾಯಿತು. ಅಷ್ಟು ಸಮಾಧಾನ ಕೊಟ್ಟ ಕೆಂಪು ಬಣ್ಣ ಬೇರೆ ಇಲ್ಲ. ಕಾಮಾ ತೆಗೆಯುವ ಒಂದು ಸಾಲು ಸೇರಿಸಿದೆ.

ಕೊನೆಗೆ ಪ್ಯಾಟರ್ನ್ ಉಳಿದದ್ದು ಎರಡೇ ಕಡೆ. ಸಮಯಕ್ಕೆ ‘ಎನಿ ಡೇಟ್’ (ಗಡಿಯಾರವನ್ನೇ ನಕಲಿ ಮಾಡಬಹುದಿತ್ತು, ಸೋಮಾರಿತನ). ಚೀಟಿ ನಂಬರು ಪ್ರತಿ ಸಲ ಹೊಸದಾಗಿ ಹುಟ್ಟುತ್ತದೆ, ಅದಕ್ಕೆ ‘ಸ್ಟ್ರಿಂಗ್ ಮ್ಯಾಚಿಂಗ್’ ಜೊತೆ ಆರು ಅಂಕಿಯ ರೆಜೆಕ್ಸ್ (ಅಕ್ಷರ, ಅಂಕಿ ಹೇಗಿರಬೇಕೆಂದು ಹೇಳುವ ಅಚ್ಚು). ಅಲ್ಲೂ ಎಡವಿದೆ. ಶುರುವಿನ, ಕೊನೆಯ ಗುರುತು ಹಾಕಿರಲಿಲ್ಲ. ಒಳಗೆಲ್ಲೋ ಆರು ಅಂಕಿ ಸಿಕ್ಕರೆ ಸಾಕು ಎಂದು ಏಳು ಅಂಕಿಯ ಚೀಟಿಯೂ ಪಾಸ್!

ಇನ್ನೊಂದು ಪೇಚು ಆಮೇಲೆ ಸಿಕ್ಕಿತು. ಮೂವರು ರೈತರಿಗೆ ಒಂದೇ ಲೂಪಿನಲ್ಲಿ ಕಳಿಸುವ ಟೆಸ್ಟ್. ಮಾಕ್ ಫಂಕ್ಷನ್ನಿಗೆ ಹೋದ ಮೂರೂ ಕರೆಗಳಲ್ಲಿ ಮೂರನೆಯವರ ತೂಕವೇ ಕಾಣುತ್ತಿತ್ತು. ಮಾಕ್ ಫಂಕ್ಷನ್ ಆಬ್ಜೆಕ್ಟಿನ ನಕಲು ಇಟ್ಟುಕೊಳ್ಳುವುದಿಲ್ಲ, ಅದೇ ಆಬ್ಜೆಕ್ಟನ್ನು ಹಿಡಿದುಕೊಂಡಿರುತ್ತದೆ. ನಾನೋ ಒಂದೇ ಆಬ್ಜೆಕ್ಟನ್ನು ತಿದ್ದಿ ತಿದ್ದಿ ಕಳಿಸುತ್ತಿದ್ದೆ. ಜೆಸ್ಟನ್ನು ಅರ್ಧ ಗಂಟೆ ಬೈದೆ. ಆಮೇಲೆ ಲೂಪಿನ ಒಳಗೆ ಪ್ರತಿ ರೈತರಿಗೂ ಹೊಸ ಆಬ್ಜೆಕ್ಟ್ ಮಾಡಿದೆ. ‘ಟು ಹ್ಯಾವ್ ಬೀನ್ ಎನ್‌ತ್ ಕಾಲ್ಡ್ ವಿತ್’ನಲ್ಲಿ (ಎಷ್ಟನೆಯ ಕರೆ ಎಂದು ಹೇಳಿ ನೋಡುವುದು) ಎಣಿಕೆ ಸೊನ್ನೆಯಿಂದಲ್ಲ, ಒಂದರಿಂದ ಶುರು. ಅದೂ ಗೊತ್ತಾದದ್ದು ಅವತ್ತೇ.