ಫ್ಯಾನಿನ ಸದ್ದನ್ನು ಲೆಕ್ಕ ಹಾಕಲು ಹೋಗಿ

ಅಣ್ಣಿಗೇರಿ ಹತ್ತಿರ ನಮ್ಮ ಕಾಕಾನ ಹೊಲದಲ್ಲಿ ಔಷಧಿ ಹೊಡೆಯುವ ಡ್ರೋನ್ ಬಂದಾಗ ಎತ್ತುಗಳು ಹಗ್ಗ ಹರಿದುಕೊಂಡು ಓಡಿದ್ದವು. "ಔಷಧಿ ಚಲೋ ಹೊಡೀತದ, ಆದ್ರ ಇದರ ಬಾಯಿ ಮುಚ್ಚಸಾಕ ಬರ್ತದೇನು?" ಎಂದು ಕಾಕಾ ಕೇಳಿದ. ಗಾಳಿಯ ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಸದ್ದಿನ ಕಡೆ ಮಾತ್ರ ಯಾವತ್ತೂ ಹೋಗಿರಲಿಲ್ಲ.

ಆ ದೊಡ್ಡ ಡ್ರೋನಿನ ರೆಕ್ಕೆ ನನ್ನ ಕಂಪ್ಯೂಟರಿಗೆ ಭಾರ. ಅದಕ್ಕೆ 10 ಇಂಚಿನ, ಎರಡು ರೆಕ್ಕೆಯ ಪ್ರೊಪೆಲ್ಲರ್ ತಗೊಂಡೆ. ನಿಮಿಷಕ್ಕೆ 6000 ಸುತ್ತು. ಅಂದರೆ ಸೆಕೆಂಡಿಗೆ 100 ಸುತ್ತು, ಸುತ್ತಿಗೆ ಎರಡು ರೆಕ್ಕೆ, ಹಾಗಾಗಿ 200 ಹರ್ಟ್ಸ್‌ನ ಗುಂಯ್ ಸದ್ದು. ತುದಿಯ ವೇಗ ಸೆಕೆಂಡಿಗೆ 80 ಮೀಟರ್.

ಮೊದಲು ಓಪನ್‌ಫೋಮ್ ಎಂಬ, ಗಾಳಿಯ ಹರಿವು ಲೆಕ್ಕ ಹಾಕುವ ಸಾಫ್ಟ್‌ವೇರಿನಲ್ಲಿ ರೆಕ್ಕೆಯನ್ನು ನಿಲ್ಲಿಸಿ, ಸುತ್ತಲಿನ ಲೆಕ್ಕವನ್ನೇ ತಿರುಗಿಸುವ ಸುಲಭದ ದಾರಿ ಹಿಡಿದೆ. ಎತ್ತುವ ಬಲ 555 ಗ್ರಾಂ ಬಂತು. ತಕ್ಕಡಿಯ ಮೇಲೆ ಇಟ್ಟು ನೋಡಿದರೆ 490. ಎರಡು ದಿನ ಮೆಶ್, ಅಂದರೆ ಲೆಕ್ಕಕ್ಕಾಗಿ ಗಾಳಿಯ ಜಾಗವನ್ನು ಸಣ್ಣ ಸಣ್ಣ ಸೆಲ್ಲುಗಳಾಗಿ ತುಂಡರಿಸಿದ ಬಲೆ, ತಿದ್ದಿದೆ. ತಪ್ಪು ಅಲ್ಲಿರಲೇ ಇಲ್ಲ! ಗಾಳಿಯ ಸಾಂದ್ರತೆ ಘನ ಮೀಟರಿಗೆ 1.225 ಕೆಜಿ ಎಂದು ಅಭ್ಯಾಸಬಲದಿಂದ ಹಾಕಿದ್ದೆ. ಅದು ಸಮುದ್ರಮಟ್ಟದ ಲೆಕ್ಕ. ನಾನಿರುವ ಧಾರವಾಡ ಅದಕ್ಕಿಂತ 700 ಮೀಟರಿಗೂ ಎತ್ತರದಲ್ಲಿದೆ, ಮೇಲೆ ಬಿಸಿಲು ಬೇರೆ. 1.07 ಹಾಕಿದೆ, 485 ಬಂತು.

ನಿಂತ ರೆಕ್ಕೆಯ ಲೆಕ್ಕದಿಂದ ಸದ್ದು ನೇರವಾಗಿ ಸಿಗುವುದಿಲ್ಲ. ಸದ್ದೆಂದರೆ ಒತ್ತಡ ಕ್ಷಣಕ್ಷಣ ಬದಲಾಗುವುದು, ಅದೂ ಎಷ್ಟು ಸಣ್ಣದು! 60 ಡೆಸಿಬಲ್ ಎಂದರೆ 0.02 ಪ್ಯಾಸ್ಕಲ್, ಸುತ್ತಲಿನ ಗಾಳಿಯ ಒತ್ತಡ ಲಕ್ಷ ಪ್ಯಾಸ್ಕಲ್ ಹತ್ತಿರ. ಹಾಗಾಗಿ ರೆಕ್ಕೆಯನ್ನು ನಿಜವಾಗಿಯೇ ತಿರುಗಿಸಿದೆ, ಒಂದು ಹೆಜ್ಜೆಗೆ ಒಂದು ಡಿಗ್ರಿಯಂತೆ. ಹೆಜ್ಜೆಗೆ 28 ಮೈಕ್ರೋಸೆಕೆಂಡ್. 60 ಲಕ್ಷ ಸೆಲ್ಲುಗಳಲ್ಲಿ ಒಂದು ಸುತ್ತು ಮುಗಿಯಲು ಹೆಚ್ಚುಕಡಿಮೆ 15 ಗಂಟೆ. ನಡುವೆ ಕರೆಂಟ್ ಹೋದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ ಅಲ್ವಾ? ರೆಕ್ಕೆಯ ಮೇಲಿನ ಒತ್ತಡದಿಂದ ದೂರದ ಕಿವಿಗೆ ಮುಟ್ಟುವ ಸದ್ದು ತೆಗೆಯಲು ಫೋಕ್ಸ್ ವಿಲಿಯಮ್ಸ್ ಮತ್ತು ಹಾಕಿಂಗ್ಸ್ 1969ರಲ್ಲಿ ಕೊಟ್ಟ ಸಮೀಕರಣವಿದೆ. ಅದನ್ನು ಪೈಥಾನ್‌ನಲ್ಲಿ ನಾನೇ ಬರೆದುಕೊಂಡೆ.

ಲೆಕ್ಕದಲ್ಲಿ 200 ಹರ್ಟ್ಸ್ ಎತ್ತರವಾಗಿ ನಿಂತಿತು, ಅದರ ಎರಡು, ಮೂರು ಪಟ್ಟಿನ ಸ್ವರಗಳಾದ 400, 600 ನೆಲಕಚ್ಚಿದ್ದವು. ಮನೆಯ ಕೋಣೆಯಲ್ಲಿ ಮೈಕ್ ಇಟ್ಟು ಅಳೆದರೆ ಎಲ್ಲವೂ ತಲೆ ಎತ್ತಿದ್ದವು. ನನ್ನ ಲೆಕ್ಕವೇ ತಪ್ಪು ಅಂತ ಸೆಲ್ಲುಗಳನ್ನು 1.2 ಕೋಟಿಗೆ ಏರಿಸಿದೆ. ವಾರ ಹೋಯಿತು, ಉತ್ತರ ಕದಲಲಿಲ್ಲ.

ಒಂದು ರಾತ್ರಿ ರೆಕಾರ್ಡಿಂಗ್ ಅನ್ನು ಸುಮ್ನೆ ಹೆಡ್‌ಫೋನಿನಲ್ಲಿ ಕೇಳುತ್ತಿದ್ದೆ. ಮೊದಲ ಎರಡು ಮೂರು ಸೆಕೆಂಡು ನಯವಾದ ಗುಂಯ್. ಆಮೇಲೆ ಪರಪರ. ಆ ಮೊದಲ ತುಂಡನ್ನಷ್ಟೇ ಕತ್ತರಿಸಿ ನೋಡಿದೆ, ಲೆಕ್ಕದ ಹತ್ತಿರವೇ ಇತ್ತು. ಪ್ರೊಪೆಲ್ಲರ್ ತಳ್ಳಿದ ಗಾಳಿ ಗೋಡೆಗೆ ಬಡಿದು, ಕೋಣೆ ಸುತ್ತಿ, ಮತ್ತೆ ಮೇಲಿನಿಂದ ಅದಕ್ಕೇ ಬೀಳುತ್ತಿತ್ತು. ತಾನೇ ಎಬ್ಬಿಸಿದ ಸುಳಿಗಳನ್ನು ರೆಕ್ಕೆ ಕಡಿಯುತ್ತಿತ್ತು. ನನ್ನ ಲೆಕ್ಕದಲ್ಲಿ ಗೋಡೆಗಳೇ ಇಲ್ಲ.

ಹೊಲಕ್ಕೆ ಹೋದೆ. ಬೆಳಗ್ಗೆ ಆರಕ್ಕೆ, ಗಾಳಿ ಏಳುವ ಮೊದಲು. "ಏನಲೇ ತಮ್ಮಾ, ಹೊಲದಾಗ ಫ್ಯಾನ್ ಹಚ್ಚಿ ಕುಂತೀ?" ಎಂದ ಕಾಕಾ. 200 ಹರ್ಟ್ಸ್‌ನಲ್ಲಿ ಅಂತರ 2 ಡೆಸಿಬಲ್ಲಿನೊಳಗೆ ಬಂತು. ಆದರೆ ಅದಕ್ಕಿಂತ ಮೇಲಿನ ಹರ್ಟ್ಸ್‌ಗಳ ಸ್‌ಸ್ ಎನ್ನುವ ಸದ್ದು ನನ್ನ ಲೆಕ್ಕದಲ್ಲಿಲ್ಲ. ನಾನು ಬಳಸಿದ ಮಾದರಿ ಸಣ್ಣ ಸುಳಿಗಳನ್ನು ಸರಾಸರಿ ಮಾಡಿ ಬಿಡುತ್ತದೆ. ಅವನ್ನು ಹಿಡಿಯಲು ಬೇಕಾಗುವ ಲೆಕ್ಕ ನನ್ನ ಮನೆಯ ಕಂಪ್ಯೂಟರಿನಲ್ಲಿ ಆಗದ ಮಾತು. ಗದಗದ ಕಪ್ಪತಗುಡ್ಡದ ಕಡೆ ಗಾಳಿಯಂತ್ರದ ಕೆಳಗೆ ನಿಂತರೆ ಕೇಳುವ ಸುಂಯ್ ಸುಂಯ್ ಕೂಡ ಈ ಜಾತಿಯದೇ, ಹೆಚ್ಚಾಗಿ ರೆಕ್ಕೆಯ ಹಿಂದಿನ ಅಂಚಿನಲ್ಲಿ ಹುಟ್ಟುವುದು.

ಈಗ ಮೂರು ರೆಕ್ಕೆಯದನ್ನು ನಿಧಾನಕ್ಕೆ ತಿರುಗಿಸಿ, ಅಷ್ಟೇ ಭಾರ ಎತ್ತುವ ಲೆಕ್ಕ ಓಡುತ್ತಿದೆ. ನಾಲ್ಕನೇ ಸುತ್ತಿನಲ್ಲಿದೆ. ಈ ಸಲ ಯುಪಿಎಸ್ ಇಟ್ಟಿದ್ದೇನೆ.