ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗ್ತಾನೇ ಇರೋರು ಎಚ್ ಪೈಲೋರಿ ಟೆಸ್ಟ್ ಮಾಡ್ಸೋದು ಹೇಗೆ

ನಮ್ ಹೊಟ್ಟೇಲಿರೋ ಬ್ಯಾಕ್ಟೀರಿಯಾಗಳಲ್ಲಿ ಕ್ಯಾನ್ಸರ್ ಜತೆ ನೇರ ನಂಟು ಪಕ್ಕಾ ಆಗಿರೋದು ಎಚ್ ಪೈಲೋರಿಗೆ, 1994ರಲ್ಲೇ ಡಬ್ಲ್ಯೂಎಚ್‌ಒದ ಕ್ಯಾನ್ಸರ್ ಸಂಸ್ಥೆ ಇದನ್ನ ಸಿಗರೇಟ್ ಹೊಗೆ ಇರೋ, ಕ್ಯಾನ್ಸರ್ ತರೋದು ಪಕ್ಕಾ ಅನ್ನೋ ಗ್ರೂಪಿಗೇ ಸೇರಿಸ್ತು. ಹಾಗಂತ ಗಾಬರಿ ಬೇಡ, ಇದಿರೋ ಬಹಳಷ್ಟು ಜನಕ್ಕೆ ಕ್ಯಾನ್ಸರ್ ಬರಲ್ಲ.

ಅಪ್ಪ ಅಮ್ಮ ಒಡಹುಟ್ಟಿದವ್ರಲ್ಲಿ ಯಾರಿಗಾದ್ರೂ ಹೊಟ್ಟೆ ಕ್ಯಾನ್ಸರ್ ಆಗಿದ್ರೆ, ಇಲ್ಲಾ ನಿಮಗೇ ಅಲ್ಸರ್ ಇದ್ರೆ, ಡಾಕ್ಟರ್ ಹತ್ರ ಕೇಳಿ ಮಾಡ್ಸಿ. ಉಸಿರಿನ ಟೆಸ್ಟ್ ಅಥವಾ ಮೋಷನ್ ಟೆಸ್ಟ್ ಒಳ್ಳೇದು, ರಕ್ತದ್ದು ಹಳೇ ಇನ್ಫೆಕ್ಷನ್‌ಗೂ ಪಾಸಿಟಿವ್ ತೋರ್ಸತ್ತೆ. ಎಲ್ಲಾರೂ ಎಡವೋದು ಇಲ್ಲೇ ನೋಡಿ: ಪ್ಯಾಂಟೊಪ್ರಜೋಲ್ ಥರದ ಗ್ಯಾಸ್ಟ್ರಿಕ್ ಮಾತ್ರೆನ 2 ವಾರ ಮುಂಚೆ, ಆಂಟಿಬಯೋಟಿಕ್‌ನ 4 ವಾರ ಮುಂಚೆ ನಿಲ್ಸಿರಬೇಕು (ಡಾಕ್ಟರ್‌ನ ಕೇಳ್ಕೊಂಡೇ), ಇಲ್ಲಾಂದ್ರೆ ಬ್ಯಾಕ್ಟೀರಿಯಾ ಒಳಗೇ ಇದ್ರೂ ನೆಗೆಟಿವ್ ಬರಬಹುದು, ದುಡ್ಡು ದಂಡ.

ಪಾಸಿಟಿವ್ ಬಂದ್ರೆ ಸಾಮಾನ್ಯವಾಗಿ 14 ದಿನದ ಮಾತ್ರೆ ಕೋರ್ಸು. ಬಾಯೆಲ್ಲಾ ಕಹಿ ಕಹಿ, ಬಿಸ್ಮತ್ ಅನ್ನೋ ಔಷಧಿನೂ ಕೊಟ್ಟಿದ್ರೆ ಮೋಷನ್ ಕಪ್ಪಗಾಗತ್ತೆ, ಹೆದರ್ಬೇಡಿ, ಅರ್ಧಕ್ಕೆ ಮಾತ್ರ ಬಿಡ್ಬೇಡಿ, ಉಳ್ಕೊಂಡಿರೋ ಬ್ಯಾಕ್ಟೀರಿಯಾ ಆಮೇಲೆ ಆ ಔಷಧಿಗೆ ಬಗ್ಗದೇ ಇರಬಹುದು. ಮುಗಿದು ಕನಿಷ್ಠ 4 ವಾರ ಆದ್ಮೇಲೆ ಮತ್ತೆ ಟೆಸ್ಟ್ ಮಾಡ್ಸಿ, ಹೋಗಿದ್ಯಾ ಇಲ್ವಾ ಗೊತ್ತಾಗೋದು ಆಗ್ಲೇ. ಅಂದಹಾಗೆ ಬರೀ ಮೊಸರು, ಪ್ರೋಬಯೋಟಿಕ್ ತಿಂದು ಇದು ಹೋಗಲ್ಲ.