ಸಪ್ತಾಪುರದ ಪಾಠ, ರೋಣದ ಮೊಬೈಲ್

ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್ ಕ್ಲಾಸ್‌ಗಳಿಗೆ ಬರವಿಲ್ಲ. ಅಂಥದ್ದೊಂದು ಕ್ಲಾಸಿನ ವಿಡಿಯೊ ಆ್ಯಪ್ ನೋಡಿಕೊಳ್ಳುವುದು ನನ್ನ ಕೆಲಸ. ಇಲ್ಲಿ ರೂಮ್ ಬಾಡಿಗೆ ಕೊಟ್ಟು ಇರಲು ಆಗದ ಹುಡುಗರು ರೋಣ, ಹಾನಗಲ್, ಕುಂದಗೋಳದಲ್ಲಿ ಕೂತು ಮೊಬೈಲಿನಲ್ಲಿ ಪಾಠ ನೋಡುತ್ತಾರೆ. ಸುಮಾರು 300 ಜನ.

ಶುರುವಿನಲ್ಲಿ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಒಂದು ದೊಡ್ಡ ಕ್ಲೌಡ್ ಕಂಪನಿಯ ಮುಂಬೈ ಸರ್ವರ್‌ನಲ್ಲಿ ಎಲ್ಲ ವಿಡಿಯೊ ಹಾಕಿದೆ. ಇಟ್ಟುಕೊಳ್ಳುವುದಕ್ಕೆ ಅಗ್ಗವೇ. ಆದರೆ ಹೊರಗೆ ಹೋಗುವ ಡೇಟಾಗೆ ಜಿಬಿಗೆ ಸುಮಾರು 11 ಸೆಂಟ್, ಅಂದರೆ 9 ರೂಪಾಯಿ. ಒಂಬತ್ತೇ ರೂಪಾಯಿ ತಾನೇ ಅಂದುಕೊಂಡೆ. 720ಪಿ ವಿಡಿಯೊ ಸೆಕೆಂಡಿಗೆ 2.5 ಮೆಗಾಬಿಟ್‌ನಂತೆ ಓಡಿದರೆ ಗಂಟೆಗೆ 1.1 ಜಿಬಿ. 300 ಜನ ದಿನಾ ಒಂದು ಗಂಟೆ ನೋಡಿದರೆ ತಿಂಗಳಿಗೆ ಹತ್ತಿರ ಹತ್ತಿರ 10 ಟಿಬಿ, ಅಂದರೆ 10 ಸಾವಿರ ಜಿಬಿ. ಬಿಲ್ 90 ಸಾವಿರ ಮುಟ್ಟಿತು, ಮೇಲೆ ಜಿಎಸ್‌ಟಿ ಬೇರೆ. ನಮ್ಮ ಸರ್ ಅದನ್ನು ನೋಡಿ ಏನೂ ಅನ್ನಲಿಲ್ಲ, ಸುಮ್ನೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಆಮೇಲೆ ‘ಅನ್‌ಲಿಮಿಟೆಡ್ ಬ್ಯಾಂಡ್‌ವಿಡ್ತ್’ ಅಂತ ಮಾರುತ್ತಿದ್ದ ಒಂದು ಸರ್ವರ್ ಹಿಡಿದೆ. ತಿಂಗಳಿಗೆ ಕೆಲವೇ ಸಾವಿರ. ಹಗಲೆಲ್ಲ ಚೆನ್ನಾಗಿ ಓಡಿತು. ರಾತ್ರಿ 9ಕ್ಕೆ ಊಟ ಮುಗಿಸಿ ಎಲ್ಲರೂ ಒಟ್ಟಿಗೆ ಕೂತಾಗ ಫೋನ್ ಶುರುವಾಯಿತು: ‘ಸರ್ರ, ವಿಡಿಯೊ ಗುಂಡಗ ತಿರಗಾಕತ್ತೇತ್ರಿ, ಮುಂದಕ ಹೋಗವಲ್ದು.’ ಆಗ ಪ್ಲಾನ್ ಅನ್ನು ಮತ್ತೊಮ್ಮೆ ಓದಿದೆ. ಕೆಳಗೆ ಸಣ್ಣ ಅಕ್ಷರದಲ್ಲಿತ್ತು, ಪೋರ್ಟ್, ಅಂದರೆ ಸರ್ವರ್‌ನಿಂದ ಡೇಟಾ ಹೊರಗೆ ಹೋಗುವ ದಾರಿ, ಸೆಕೆಂಡಿಗೆ 100 ಮೆಗಾಬಿಟ್. 2.5ರಿಂದ ಭಾಗಿಸಿದರೆ ಒಂದೇ ಹೊತ್ತಿಗೆ 40 ಜನ, ಮುಗೀತು. ಈ ಲೆಕ್ಕ ಹುಬ್ಬಳ್ಳಿ-ಧಾರವಾಡದವರಿಗೆ ಹೇಳಿಕೊಡಬೇಕಿಲ್ಲ: ಟ್ಯಾಂಕಿನಲ್ಲಿ ನೀರು ಎಷ್ಟಿದ್ದರೇನು, ನಳ ಸಣ್ಣದಿದ್ದರೆ ಕೊಡ ತುಂಬಲ್ಲ, ಅಲ್ವಾ? ಈಗ ಯಾರೇ ಸರ್ವರ್ ಮಾರಲು ಬಂದರೂ ಮೊದಲು ಪೋರ್ಟ್ ಎಷ್ಟು ಅಂತಲೇ ಕೇಳುತ್ತೇನೆ. ಟಿಬಿ ಮಾತು ಆಮೇಲೆ.

ಸರ್ವರ್ ಹುಡುಕುವುದನ್ನು ಅಲ್ಲಿಗೇ ನಿಲ್ಲಿಸಿ ವಿಡಿಯೊ ಕಡೆ ತಿರುಗಿದೆ. ಅದನ್ನು ಮೊದಲೇ ಮಾಡಬೇಕಿತ್ತು. ಪಾಠದ ವಿಡಿಯೊದಲ್ಲಿ ಅಲುಗಾಡುವುದಾದರೂ ಏನು? ಸರ್ ಕೈ, ಅವರ ತಲೆ, ಅಷ್ಟೇ. ಬೋರ್ಡು ಹಾಗೇ ನಿಂತಿರುತ್ತದೆ. ಎಫ್‌ಎಫ್‌ಎಂಪೆಗ್ ಅನ್ನುವ ವಿಡಿಯೊ ಕುಗ್ಗಿಸುವ ಸಾಫ್ಟ್‌ವೇರ್‌ನಲ್ಲಿ 480ಪಿ, ಸೆಕೆಂಡಿಗೆ 15 ಫ್ರೇಮ್, ಧ್ವನಿ ಸೇರಿ 450 ಕಿಲೋಬಿಟ್‌ಗೆ ಇಳಿಸಿದೆ. ಗಂಟೆಗೆ 200 ಎಂಬಿ ಆಯಿತು. ದಿನಕ್ಕೆ 1.5 ಜಿಬಿ ಪ್ಯಾಕ್ ಹಾಕಿಸಿಕೊಂಡ ಹುಡುಗರಿಗೂ ಅದೇ ಬೇಕಿತ್ತು.

ಒಂದೇ ತೊಂದರೆ, ಕೆಂಪು ಚಾಕ್. ಹಸಿರು ಬೋರ್ಡಿನ ಮೇಲೆ ಕೆಂಪಿನಲ್ಲಿ ಬರೆದ ಇಸವಿಗಳೆಲ್ಲ ಕಲಸಿಹೋಗುತ್ತಿದ್ದವು. ವಿಡಿಯೊ ಕುಗ್ಗಿಸುವಾಗ ಬಣ್ಣದ ವಿವರ ಬೆಳಕಿನ ವಿವರಕ್ಕಿಂತ ಮೊದಲು ಹೋಗುತ್ತದೆ. 1857 ಒಮ್ಮೆ 1851ರಂತೆ ಕಾಣುತ್ತಿತ್ತು. ಇತಿಹಾಸದ ಸರ್‌ಗೆ ಬಿಳಿ, ಹಳದಿ ಚಾಕ್ ಡಬ್ಬಿ ತಂದುಕೊಟ್ಟೆ. ಕೆಂಪು ಡಬ್ಬಿ ಈಗಲೂ ನನ್ನ ಡ್ರಾಯರ್‌ನಲ್ಲಿದೆ.

ಕೊನೆಗೆ ವಿಡಿಯೊಗಳನ್ನು 6 ಸೆಕೆಂಡಿನ ತುಂಡು ಮಾಡಿ, ಅಂದರೆ ಎಚ್‌ಎಲ್‌ಎಸ್‌ಗೆ ಬದಲಿಸಿ, ಒಂದು ಸಣ್ಣ ಸರ್ವರ್‌ನಲ್ಲಿಟ್ಟೆ. ಅದರ ಮುಂದೆ ಒಂದು ಸಿಡಿಎನ್ ಹಾಕಿದೆ, ಅಂದರೆ ವಿಡಿಯೊದ ನಕಲು ಇಟ್ಟುಕೊಂಡು ಹಂಚುವ ಸರ್ವರ್‌ಗಳ ಜಾಲ; ಅದರದ್ದೊಂದು ಸರ್ವರ್ ಮುಂಬೈಯಲ್ಲಿದೆ. ಒಂದು ತುಂಡನ್ನು ಮೊದಲನೇ ಹುಡುಗ ಕೇಳಿದಾಗ ಮಾತ್ರ ಸಿಡಿಎನ್ ನಮ್ಮ ಸರ್ವರ್‌ವರೆಗೆ ಬರುತ್ತದೆ, ಉಳಿದವರಿಗೆ ತನ್ನಲ್ಲಿರುವ ನಕಲನ್ನೇ ಕೊಡುತ್ತದೆ. ತಿಂಗಳಿಗೆ 1.8 ಟಿಬಿ, ಜಿಬಿಗೆ 3 ಸೆಂಟ್. ಐದು ಸಾವಿರದ ಆಸುಪಾಸು. ಹೊರಹೋಗುವ ಡೇಟಾಗೆ ಕಾಸೇ ಕೇಳದ ಕ್ಲೌಡ್‌ಫ್ಲೇರ್ ಕಂಪನಿಯ ಆರ್2 ಥರದ ಸ್ಟೋರೇಜ್ ಕೂಡ ಇದೆ, ಮುಂದಿನ ಬ್ಯಾಚ್‌ಗೆ ಅದನ್ನು ನೋಡಬೇಕು.

ಮೊನ್ನೆ ರಾತ್ರಿ 9ಕ್ಕೆ ರೋಣದ ಹುಡುಗ ಮತ್ತೆ ಫೋನ್ ಮಾಡಿದ. ಎದೆ ಧಸಕ್ ಅಂತು. ‘ವಿಡಿಯೊ ಚಲೋ ಬರಾಕತ್ತೇತ್ರಿ ಸರ್ರ. ನೋಟ್ಸ್ ಪಿಡಿಎಫ್ ಡೌನ್‌ಲೋಡ್ ಆಗವಲ್ದು.’ ಅದು 80 ಎಂಬಿ ಇತ್ತು, ಯಾರೋ ಫೋಟೊ ಹೊಡೆದು ಹಾಗೇ ಅಂಟಿಸಿದ್ದರು.